ಹೆಸರು ಹಿಡಿದು ಕರೆಯುವವರು

ಹಿರಿಯಾಯಿಯ ಕಿವಿಯ ತೂತಿನಲ್ಲಿ ನನ್ನ ಹೆಬ್ಬೆರಳು ಸಲೀಸಾಗಿ ತೂರುತ್ತಿತ್ತು. ಯಾವ ಕಾಲದಲ್ಲೋ ಹಾಕಿಕೊಂಡಿದ್ದ ಭಾರದ ಓಲೆ ಕಿವಿಯ ಹಾಲೆಯನ್ನು ಜಗ್ಗಿ ಜಗ್ಗಿ ಹೆಗಲಿನ ಕಡೆಗೆ ಇಳಿಸಿಬಿಟ್ಟಿತ್ತು. ಓಲೆ ಹೋಗಿ ಎಷ್ಟೋ ವರ್ಷವಾಗಿದ್ದರೂ ತೂತು ಮಾತ್ರ ಹಾಗೇ ಇತ್ತು. ಅವಳ ತೊಡೆಯ ಮೇಲೆ ಕೂತು ನಾನು ಬೆರಳು ತೂರಿಸಿ ಆಡುವಾಗ ತಲೆ ಅಲ್ಲಾಡಿಸದೆ ಕೂತಿರುತ್ತಿದ್ದಳು. "ಹರೀಬ್ಯಾಡ ನೋಡು, ನನ್ನ ಮೈಯಾಗ ಚಲೋ ಉಳದದ್ದು ಅದೊಂದ," ಅನ್ನುತ್ತಿದ್ದಳು. ಮಾತು ಸುಳ್ಳಲ್ಲ. ಕಣ್ಣಿಗೆ ಪೊರೆ ಬಂದಿತ್ತು, ಬಾಯಲ್ಲಿ ಹಲ್ಲಿರಲಿಲ್ಲ, ಸೊಂಟ ಬಾಗಿತ್ತು. ಆದರೆ ಹಿತ್ತಲಲ್ಲಿ ಎಮ್ಮೆ ಹಗ್ಗ ಬಿಚ್ಚಿಕೊಂಡರೆ ಪಡಸಾಲೆಯಲ್ಲಿ ಕೂತ ಅವಳಿಗೇ ಮೊದಲು ಗೊತ್ತಾಗುತ್ತಿತ್ತು.

ಅವಳು ನನ್ನ ಅಪ್ಪನ ಅಜ್ಜಿ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ, ಅಜ್ಜಿಯ ಅತ್ತೆ ಹಿರಿಯಾಯಿ. ಅವಳ ತವರು ವಳಸಂಗ. ದರಿಬಡಚಿಯ ಹತ್ತಿರದ ನಮ್ಮ ಹಳ್ಳಿಗೆ ಸೊಸೆಯಾಗಿ ಬಂದಾಗ ಅವಳಿಗೆ ಇನ್ನೂ ಹಾಲುಹಲ್ಲು ಬೀಳುತ್ತಿದ್ದವಂತೆ. ವಯಸ್ಸು ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರೆಲ್ಲ ಹೋಗಿಬಿಟ್ಟಿದ್ದರು. ಕೇಳಿದರೆ, "ದೊಡ್ಡ ಬರದಾಗ ನಿಮ್ಮ ಮುತ್ಯಾ ನನ್ನ ಬಗಲಾಗಿದ್ದ," ಅನ್ನುತ್ತಿದ್ದಳು. ಆ ಮುತ್ಯಾ, ಎಂದರೆ ನನ್ನ ಅಜ್ಜ, ಮುದುಕನಾಗಿ ತೀರಿಕೊಂಡ ಮೇಲೂ ಅವಳು ಇದ್ದಳು. ಊರವರು ನೂರು ದಾಟಿದೆ ಅನ್ನುತ್ತಿದ್ದರು.

ಅವಳು ಕಂಡದ್ದು ಒಂದೆರಡಲ್ಲ. ಚಕಮಕಿ ಕಲ್ಲು ಕುಟ್ಟಿ ಒಲೆ ಹೊತ್ತಿಸಿದವಳ ಕೈಗೆ ಕಡ್ಡಿಪೆಟ್ಟಿಗೆ ಬಂತು. ಪ್ಲೇಗು ಬಂದಾಗ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದನ್ನು ಕಂಡಳು. ಬೀಸುಕಲ್ಲಿನ ಗೂಟ ಹಿಡಿದು ಜಡ್ಡುಗಟ್ಟಿದ ಅಂಗೈ ಮೆತ್ತಗಾಗುವಂತೆ ಹಿಟ್ಟಿನ ಗಿರಣಿ ಬಂತು. ಚಹಾ ಬಂತು, ಧೂಳೆಬ್ಬಿಸುತ್ತ ಮೋಟಾರು ಬಂತು. ಯಾವುದು ಬಂದರೂ ಅವಳದು ಒಂದೇ ಮಾತು: "ಇರ್ಲಿ ಬಿಡು. ಎಷ್ಟ ದಿನ ಇರ್ತದೋ ನೋಡೂಣು." ಬೇರೆ ಯಾರಾದರೂ ಹೀಗಂದರೆ ಅದು ಬರೀ ಮಾತಾಗುತ್ತಿತ್ತು. ಇವಳು ನಿಜವಾಗಿಯೂ ಇದ್ದು ನೋಡಿದವಳು.

ಜತ್ತ ಸಂಸ್ಥಾನ ಹೋಗಿ ನಾವು ಮುಂಬಯಿ ಸರ್ಕಾರಕ್ಕೆ ಸೇರಿದಾಗ ನಾನು ತೊಟ್ಟಿಲಲ್ಲಿದ್ದೆ. ಅಪ್ಪ ಜತ್ತದಿಂದ ಓಡೋಡಿ ಬಂದು, "ಆಯಿ, ರಾಜರ ಆಳಿಕಿ ಮುಗೀತು," ಅಂದನಂತೆ. ಹಿರಿಯಾಯಿ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. "ಹೌದಾ? ಹಂಗಾರ ನಾಳಿ ರೊಟ್ಟಿ ಬಡೀಬೇಕೋ ಬ್ಯಾಡೋ?" ಅಂದಳಂತೆ.

ಸಂಸ್ಥಾನ ಹೋದದ್ದರಿಂದ ನಮ್ಮ ಮನೆಯಲ್ಲಿ ಒಂದೇ ಒಂದು ಅನಾಹುತವಾಯಿತು. ಅದು ಆದದ್ದು ಸ್ವಲ್ಪ ತಡವಾಗಿ, ನನಗೆ ನೆನಪು ಉಳಿಯುವ ವಯಸ್ಸಿನಲ್ಲಿ. ಹೊಸ ಸರ್ಕಾರದ ಕಾಲದಲ್ಲಿ ನಮ್ಮೂರ ಸಂತೆಯ ದಿನ ಬದಲಾಯಿತು. ನನ್ನ ಅಜ್ಜಿ ಜನ್ಮದಲ್ಲಿ ಅತ್ತೆಯ ಹೆಸರು ಹೇಳಿದವಳಲ್ಲ. ಗಂಡನ ಹೆಸರನ್ನಾದರೂ ಒಡಪಿನ ಪದ್ಯದಲ್ಲಿ ಸೇರಿಸಿ ಹೇಳಬಹುದು, ಅತ್ತೆಯ ಹೆಸರಿಗೆ ಆ ದಾರಿಯೂ ಇಲ್ಲ. ಹಿರಿಯಾಯಿಯ ಹೆಸರಿನಲ್ಲಿ ವಾರದ ಒಂದು ದಿನ ಸೇರಿಕೊಂಡಿತ್ತು. ಹೀಗಾಗಿ ಅಜ್ಜಿಗೆ ವಾರಕ್ಕೆ ಆರೇ ದಿನ. ಏಳನೆಯದು "ಸಂತಿ ದಿನ". ಸಂತೆ ಆ ದಿನವೇ ಕೂಡುತ್ತಿದ್ದುದರಿಂದ ನಲವತ್ತು ವರ್ಷ ಸಂಸಾರ ಸುಗಮವಾಗಿ ನಡೆದಿತ್ತು.

ನನ್ನ ಸೋದರತ್ತೆಯನ್ನು ಕೊಟ್ಟ ಡಫಳಾಪುರದ ಬೀಗರಿಗೆ ಅಜ್ಜಿ, "ಸಂತಿ ದಿನ ಊಟಕ್ಕ ಬರ್ರಿ," ಎಂದು ಹೇಳಿಕಳಿಸಿದಳು. ಅವಳ ಬಾಯಿಗೆ ಹಳೆಯ ದಿನವೇ ರೂಢಿ. ಅಂದು ಹೋಳಿಗೆ ಮಾಡಿ, ಕಟ್ಟಿನ ಸಾರು ಕುದಿಸಿ, ಹೊತ್ತು ಇಳಿಯುವ ತನಕ ಕಾಯ್ದೆವು. ಕಡೆಗೆ ಎಲ್ಲವನ್ನೂ ಓಣಿಗೆ ಹಂಚಿದ್ದಾಯಿತು. ಬೀಗರು ಬಂದದ್ದು ಹೊಸ ಸಂತೆಯ ದಿನ, ಎತ್ತಿನ ಗಾಡಿ ತುಂಬ. ಮನೆಯಲ್ಲಿ ತಂಗಳ ರೊಟ್ಟಿ, ಝುಣಕ.

"ಸಂತಿ ದಿನ ಅಂದ್ರಿ, ಸಂತಿ ದಿನಾನ ಬಂದೀವ್ರಿ," ಎಂದು ಬೀಗತಿ ಮುಖ ಊದಿಸಿಕೊಂಡಳು. ಅಜ್ಜಿಗೆ ಬಾಯಿ ಬಿಟ್ಟು ವಿವರಿಸುವುದಕ್ಕೂ ಆಗದು. ವಿವರಿಸಬೇಕೆಂದರೆ ಆ ದಿನದ ಹೆಸರು ಹೇಳಬೇಕು. ಅತ್ತ ಇತ್ತ ನೋಡುತ್ತ ಸೆರಗು ತಿರುವುತ್ತ ನಿಂತಳು.

ಹಿರಿಯಾಯಿ ಮೂಲೆಯಲ್ಲಿ ಕೂತು ನಕ್ಕಳು. ಕೆಮ್ಮು ಬರುವ ತನಕ ನಕ್ಕಳು. "ಒಂದ್ಸಲ ನನ್ನ ಹೆಸರ ಅಂದಿದ್ರ ಇವ್ರೆಲ್ಲ ಹೋಳಿಗಿ ಉಣ್ತಿದ್ರಲ್ಲ ಬೇ!"

ವಿಷಯ ತಿಳಿದ ಮೇಲೆ ಬೀಗತಿಯೂ ನಕ್ಕಳು. ಸಿಟ್ಟು ಇಳಿದು, ರೊಟ್ಟಿ ಮುರಿಯುತ್ತ ಕೇಳಿದಳು: "ಹಿರ್ಯಾಯಿ, ನೀವು ಭಾಳ ಕಂಡೀರಿ. ಎಲ್ಲಾಕಿಂತ ದೊಡ್ಡದು ಏನ ಬದಲಾತ್ರಿ?"

ರಾಜರ ಮಾತು ಬರುತ್ತದೆ, ಇಲ್ಲವೇ ಮೋಟಾರಿನದು, ಎಂದು ಎಲ್ಲರೂ ಕಾಯುತ್ತಿದ್ದರು. ಹಿರಿಯಾಯಿ ಹೇಳಿದ್ದು ಬೇರೆಯದೇ.

"ನಾ ಈ ಮನಿಗಿ ಬಂದಾಗ ನನ್ನ ಹೆಸರ ಹಿಡದ ಕರಿಯೋರು ಮನಿ ತುಂಬ ಇದ್ರು. ಅತ್ತಿ, ಮಾವ, ದೊಡ್ಡ ನೆಗೆಣ್ಣಿ. ತವರಿಗಿ ಹೋದ್ರ ಓಣಿ ತುಂಬ. ಒಬ್ಬೊಬ್ರ ಹೋದ್ರು. ಕಡೀಕ ವಳಸಂಗದಾಗ ನಮ್ಮಕ್ಕ ಒಬ್ಬಾಕಿ ಉಳದಿದ್ಲು. ಅಕಿ ಹೋದ ಮ್ಯಾಲ ನನ್ನ ಹೆಸರ ನನ್ನ ಕಿವಿಗಿ ಬಿದ್ದಿಲ್ಲ. ಈಗ ನಾ ಅತ್ತಿ, ಆಯಿ, ಹಿರ್ಯಾಯಿ. ಆ ಹೆಸರಿನ ಹುಡುಗಿ ಎಲ್ಲಿ ಹೋದ್ಲೋ ಏನೋ."

ಕಿರಿಯರು ಹಿರಿಯರ ಹೆಸರು ಹಿಡಿಯುವಂತಿಲ್ಲ, ಅವಳಿಗೋ ಹಿರಿಯರೇ ಉಳಿದಿಲ್ಲ. ಇನ್ನೂ ಒಂದು ತೊಡಕಿತ್ತು. ನಮ್ಮ ಮನೆಯಲ್ಲಿ ಸತ್ತ ಹಿರಿಯರ ಹೆಸರನ್ನು ಹುಟ್ಟಿದ ಕೂಸಿಗೆ ಇಡುತ್ತಾರೆ, ಬದುಕಿದ್ದವರದನ್ನು ಇಡುವುದಿಲ್ಲ. ಇವಳು ಸಾಯದೆ ಕೂತದ್ದರಿಂದ ಮನೆಯಲ್ಲಿ ಹುಟ್ಟಿದ ಎಷ್ಟೋ ಹೆಣ್ಣುಮಕ್ಕಳಿಗೆ ಆ ಹೆಸರು ತಪ್ಪಿಹೋಗಿತ್ತು.

ಮುಂದಿನ ವರ್ಷ ನನ್ನನ್ನು ಸಾಲೆಗೆ ಹಾಕುವ ಮಾತು ಬಂತು. ಅಪ್ಪನಿಗೆ ಬಿತ್ತನೆಯ ಅವಸರವಿತ್ತು. "ನಾ ಕರಕೊಂಡ ಹೋಗ್ತೀನಿ," ಎಂದು ಹಿರಿಯಾಯಿ ಕೋಲು ಹಿಡಿದು ಎದ್ದಳು. ಸಾಲೆ ನಡೆಯುತ್ತಿದ್ದುದು ಊರ ಚಾವಡಿಯಲ್ಲಿ, ಎದುರಿಗೆ ಬೇವಿನ ಮರದ ಕಟ್ಟೆ. ಮಾಸ್ತರರು ವಿಜಾಪುರದ ಕಡೆಯವರು, ಇನ್ನೂ ಹರೆಯದವರು.

"ಹುಡಿಗಿ ಹೆಸರೇನ್ರಿ, ಆಯಿ?"

ಹಿರಿಯಾಯಿ ತನ್ನ ಹೆಸರು ಹೇಳಿದಳು.

"ನಿಮ್ಮದಲ್ರಿ, ಹುಡಿಗೀದು."

"ಅದ ಅಕಿ ಹೆಸರ. ಬರಕೋ ತಮ್ಮಾ."

ಮನೆಯಲ್ಲಿ ಎಲ್ಲರೂ ತಂಗೆವ್ವ ಎಂದು ಕರೆಯುತ್ತಿದ್ದ ನಾನು ಬೆಪ್ಪಾಗಿ ನಿಂತಿದ್ದೆ. ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಮನೆಗೆ ಬಂದಾಗ ರಂಪವಾಯಿತು. ಅಜ್ಜಿ ಎದೆ ಎದೆ ಬಡಿದುಕೊಂಡಳು. "ಜೀವ ಇದ್ದಾಕಿ ಹೆಸರ ಕೂಸಿಗಿ ಇಡ್ತಾರೇನ್ರಿ, ಅತ್ತಿ? ಯಮನ ಮಂದಿ ಬಂದು ಆ ಹೆಸರ ಹಿಡದ ಕರದ್ರ, ಮುದುಕಿ ಬಿಟ್ಟು ಕೂಸಿನ್ನ ಒಯ್ದ್ರ ಏನ ಮಾಡೂದು?" ನನ್ನ ಅಮ್ಮ ಬಂದು ನನ್ನನ್ನು ಅವಚಿಕೊಂಡಳು. ಅದೇ ಅಜ್ಜಿಯ ಮಾತಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಮರುದಿನವೇ ಹೋಗಿ ಹೆಸರು ಬದಲಾಯಿಸಿ ಬರಬೇಕೆಂದು ಅಪ್ಪನಿಗೆ ಹುಕುಂ ಆಯಿತು. ಹಿರಿಯಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮುಂಜಾನೆ ಅಪ್ಪ ಹೋದ. ಆ ದಿನದ ಕತೆಯನ್ನು ಅವನು ನನಗೆ ಹೇಳಿದ್ದು ನಾನು ದೊಡ್ಡವಳಾದ ಮೇಲೆ. ಚಾವಡಿಯ ಹತ್ತಿರ ಹೋದರೆ, ಅವನಿಗಿಂತ ಮೊದಲೇ ನನ್ನನ್ನು ಸಾಲೆಗೆ ಬಿಟ್ಟು ಹಿರಿಯಾಯಿ ಕಟ್ಟೆಯ ಮೇಲೆ ಕೂತಿದ್ದಾಳೆ. ತಲೆ ತುಂಬ ಸೆರಗು, ಹಣೆ ತುಂಬ ವಿಭೂತಿ, ಒಂದು ಕಿವಿಯ ಮೇಲಿನ ಸೆರಗನ್ನು ಮಾತ್ರ ಹಿಂದೆ ಸರಿಸಿಕೊಂಡಿದ್ದಾಳೆ. ಒಳಗೆ ಮಾಸ್ತರರು ಹಾಜರಿ ಕರೆಯುತ್ತಿದ್ದಾರೆ. ಮಕ್ಕಳು ಒಬ್ಬೊಬ್ಬರಾಗಿ "ಹಾಜರ್ರಿ" ಅನ್ನುತ್ತಿದ್ದಾರೆ. ಆಮೇಲೆ ಆ ಹೆಸರು ಬಂತು. ನನಗೆ ಅದು ನನ್ನದೆಂದು ಇನ್ನೂ ರೂಢಿಯಾಗಿರಲಿಲ್ಲ, ಸುಮ್ಮನಿದ್ದೆ. ಮಾಸ್ತರರು ಮತ್ತೊಮ್ಮೆ, ಜೋರಾಗಿ ಕರೆದರು. ಕಟ್ಟೆಯ ಮೇಲಿಂದ "ಓ" ಎಂದು ಉತ್ತರ ಬಂತು. "ಹುಡುಗೀರು ಓಗೊಟ್ಟಂಗ ಇತ್ತು ಆ ದನಿ," ಅಂದ ಅಪ್ಪ. ಅವನು ಒಳಗೆ ಹೋಗದೆ ಹಿಂದಿರುಗಿದ. ಮನೆಯಲ್ಲಿ, "ಮಾಸ್ತರ ಇದ್ದಿಲ್ಲ," ಎಂದು ಸುಳ್ಳು ಹೇಳಿದ. ನಮ್ಮಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಅಜ್ಜಿಗೆ ಕೂಡಲೇ ಗೊತ್ತಾಯಿತು.

ಅಂದು ಮಧ್ಯಾಹ್ನ ಹಿರಿಯಾಯಿ ಸೊಸೆಯನ್ನು ಹತ್ತಿರ ಕೂರಿಸಿಕೊಂಡಳು. "ನಿನ್ನ ಅಂಜಿಕಿ ಖರೇನ ಐತಿ. ಅದಕ್ಕ ನಾ ಒಂದ ವಿಚಾರ ಮಾಡೇನಿ. ಯಾರರ ಆ ಹೆಸರ ಹಿಡದ ಕರದ್ರ ಮೊದಲ ನಾ ಓ ಅಂತೀನಿ. ಕೂಸು ಆಮ್ಯಾಲ ಅನ್ನಲಿ. ಬಂದಾಂವ ಮೊದಲ ಓ ಅಂದಾಕೀನ ಒಯ್ತಾನ, ಹೌದಲ್ಲ?"

ಅಜ್ಜಿ ಈ ವಾದ ಒಪ್ಪಿದಳು. ಆದರೆ ವ್ಯವಹಾರದಲ್ಲಿ ಅವಳು ಬಲು ಬಿಗಿ. ಅಂದಿನಿಂದ ದಿನಾ ಮುಂಜಾನೆ ತಾನೇ ಅತ್ತೆಯ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿ ಬರತೊಡಗಿದಳು. ಹಿರಿಯಾಯಿಗೆ ನೆಗಡಿ ಜ್ವರ ಬಂದರೆ ನನ್ನ ಸಾಲೆ ಬಂದ್. ಮೊದಲು ಓಗೊಡುವವಳಿಲ್ಲದೆ ನನ್ನನ್ನು ಆ ಹೆಸರಿನ ಬಾಯಿಗೆ ಕಳಿಸಲು ಅಜ್ಜಿ ತಯಾರಿರಲಿಲ್ಲ. ಮನೆಯಲ್ಲಿ ನಾನು ತಂಗೆವ್ವನೇ. ಅಜ್ಜಿ, ಅಮ್ಮ ಇಬ್ಬರೂ ಆ ಹೆಸರು ಉಚ್ಚರಿಸಲಿಲ್ಲ. ಇಡೀ ಊರಿನಲ್ಲಿ ಅದನ್ನು ಕರೆಯುವ ಬಾಯಿ ಒಂದೇ, ಅದೂ ಪರವೂರಿನ ಎಳೆಯ ಮಾಸ್ತರರದು.

ಮಾಸ್ತರರಿಗೆ ವಿಷಯ ತಿಳಿಯಲು ತಡವಾಗಲಿಲ್ಲ. ಉಳಿದವರ ಹೆಸರುಗಳನ್ನು ತಲೆ ಬಗ್ಗಿಸಿ ಗೊಣಗುತ್ತ ಕರೆಯುತ್ತಿದ್ದವರು ನನ್ನ ಸರದಿ ಬಂದಾಗ ಬಾಗಿಲ ಕಡೆ ತಿರುಗಿ, ಗಂಟಲು ಬಿಚ್ಚಿ ಕರೆಯುತ್ತಿದ್ದರು. ಹೊರಗಿನಿಂದ "ಓ". ಆಮೇಲೆ ನಾನು "ಹಾಜರ್ರಿ". ಹುಡುಗರು ಮೊದಮೊದಲು ಕಿಸಕ್ಕೆನ್ನುತ್ತಿದ್ದರು, ಆಮೇಲೆ ಅದು ಸಾಲೆಯ ಪದ್ಧತಿಯೇ ಆಯಿತು. ಓಗೊಟ್ಟಾದ ಮೇಲೆ ಹಿರಿಯಾಯಿ ಸೆರಗು ಸರಿಮಾಡಿಕೊಂಡು ಎದ್ದು ಹೋಗುತ್ತಿದ್ದಳು. ಪಾಠ ಅವಳಿಗೆ ಬೇಕಿರಲಿಲ್ಲ.

ನಾನು ನಾಲ್ಕನೆಯ ಇಯತ್ತೆಗೆ ಬರುವ ಹೊತ್ತಿಗೆ ರಾಜ್ಯಗಳ ಹಂಚಿಕೆಯಾಯಿತು. ಆಚೆಯ ವಿಜಾಪುರ ಮೈಸೂರಿಗೆ ಹೋಯಿತು, ನಾವು ಮುಂಬಯಿಯಲ್ಲೇ ಉಳಿದೆವು. ಮಾಸ್ತರರು ಕಟ್ಟೆಯ ಹತ್ತಿರ ಬಂದು, "ಆಯಿ, ಇನ್ನ ನನ್ನ ಊರು ಬ್ಯಾರೆ ರಾಜ್ಯ ಆತ್ರಿ," ಅಂದರು. ಅವರ ಮುಖ ಸಣ್ಣದಾಗಿತ್ತು.

"ಇರ್ಲಿ ಬಿಡು. ಎಷ್ಟ ದಿನ ಇರ್ತದೋ ನೋಡೂಣು," ಅಂದಳು ಹಿರಿಯಾಯಿ. ಆಮೇಲೆ, "ನೀ ಎಲ್ಲೂ ಹೋಗ್ಬ್ಯಾಡ ತಮ್ಮಾ. ನೀ ಹೋದ್ರ ನನ್ನ ಕರಿಯೋರು ಯಾರು?" ಅಂದಳು.

ಅವರು ಹೋಗಲಿಲ್ಲ. ಹೋದವಳು ಅವಳೇ, ಆ ವರ್ಷದ ಸುಗ್ಗಿಯಲ್ಲಿ. ಜಡ್ಡು ಜಾಪತ್ರೆ ಏನಿಲ್ಲ. ಮುಂಜಾನೆ ಕಟ್ಟೆಗೆ ಬಂದು ಓಗೊಟ್ಟು ಹೋಗಿದ್ದಳು. ಮಧ್ಯಾಹ್ನ ಪಡಸಾಲೆಯಲ್ಲಿ ಅಡ್ಡಾದವಳು ಏಳಲಿಲ್ಲ. ನಾನು ಸಾಲೆಯಿಂದ ಬಂದಾಗ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹತ್ತಿರ ಹೋಗಿ ಕಿವಿಯ ತೂತಿನಲ್ಲಿ ಬೆರಳು ಹಾಕಿದೆ. ನನ್ನ ಬೆರಳು ಆಗ ದೊಡ್ಡದಾಗಿತ್ತು, ಆದರೂ ಹಿಡಿಯಿತು. ಯಾರೂ ಬೈಯಲಿಲ್ಲ. ಅಜ್ಜಿ "ಅತ್ತೀ, ಅತ್ತೀ" ಎಂದು ಹಾಡ್ಯಾಡಿ ಅತ್ತಳು. ಅಷ್ಟು ಅಳುವಿನ ನಡುವೆಯೂ ಅವಳ ಬಾಯಿಂದ ಆ ಹೆಸರು ಜಾರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನಾನು ಸಾಲೆಗೆ ಹೋಗಲಿಲ್ಲ. ಯಾರೂ ಹೋಗೆಂದೂ ಅನ್ನಲಿಲ್ಲ. ಮೊದಲು ಓಗೊಡುವವಳು ಇಲ್ಲದ ಮೇಲೆ ನನ್ನ ಸಾಲೆ ಮುಗಿಯಿತೆಂದೇ ನಾನು ತಿಳಿದಿದ್ದೆ. ಒಂದು ಮುಂಜಾನೆ ಅಜ್ಜಿಯೇ ನನ್ನ ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿದಳು. "ನಡಿ ಸಾಲಿಗಿ. ಇನ್ನ ಅದು ನಿನ್ನ ಹೆಸರ. ನೀನ ಓ ಅನಬೇಕು, ಲಗೂನ ಅನ್ನು," ಅಂದಳು. ಚಾವಡಿಯ ತನಕ ಬಂದು ಬಿಟ್ಟು, ಖಾಲಿ ಕಟ್ಟೆಯ ಕಡೆ ನೋಡದೆ ಹೋದಳು.

ಮಾಸ್ತರರು ಹಾಜರಿ ತೆಗೆದರು. ನನ್ನ ಸರದಿ ಬಂದಾಗ ರೂಢಿಯಂತೆ ಬಾಗಿಲ ಕಡೆ ತಿರುಗಿ, ಗಂಟಲು ಬಿಚ್ಚಿ ಕರೆದರು. ನಾನೂ ರೂಢಿಯಂತೆ ಕಾಯ್ದೆ. ಹೊರಗೆ ಬೇವಿನ ಎಲೆ ಉದುರುತ್ತಿತ್ತು. ಹುಡುಗರು ಯಾರೂ ನಗಲಿಲ್ಲ. ಮಾಸ್ತರರೂ ಮುಂದಿನ ಹೆಸರಿಗೆ ಹೋಗದೆ ಕಾಯುತ್ತಿದ್ದರು.

"ಓ," ಅಂದೆ.

ಹಾಜರ್ರಿ ಅನ್ನು, ಎಂದು ಅವರು ತಿದ್ದಲಿಲ್ಲ. ಮುಂದಿನ ಹೆಸರು ಕರೆದರು.