ಮುರುಗೇಶಪ್ಪ ಮಾಸ್ತರ ಎರಡು ದಿನದ ಆಫೀಸು

ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಆ ವರ್ಷ ದಾವಣಗೆರೆಯಲ್ಲಿ ಮೊಕ್ಕಾಂ ಹೂಡಿದ್ದ ನಾಟಕ ಕಂಪನಿಯಲ್ಲಿ ಪರದೆ ಎಳೆಯುವ ಕೆಲಸ ಸಿಕ್ಕಿತ್ತು. ಅಲ್ಲಿ ನಾನು ಮೊದಲು ಕಂಡದ್ದು ಮುರುಗೇಶಪ್ಪ ಮಾಸ್ತರ ಬೆನ್ನು. ಕಂಪನಿಯ ಹಾಸ್ಯಗಾರ ಅವರು. ಮುಖಕ್ಕೆ ಬಣ್ಣ ಹಚ್ಚಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಮುಂದಿನ ಪರದೆಯ ತೂತಿಗೆ ಒಂದು ಕಣ್ಣು ಒತ್ತಿ ನಿಂತಿದ್ದರು. ಜನ ಎಷ್ಟು ಬಂದಿದ್ದಾರೆಂದು ನೋಡುತ್ತಿದ್ದಾರೆ ಅಂದುಕೊಂಡೆ. ಅಲ್ಲ, ಯಾರ ಮುಖ ಬಿಗಿದುಕೊಂಡಿದೆ ಎಂದು ಹುಡುಕುತ್ತಿದ್ದರು.

“ಮೂರನೇ ಸಾಲಿನಾಗೆ ಹಸಿರು ರುಮಾಲಿನವ ಅದಾನೆ ನೋಡ್ಲೇ. ಮನೆಯಾಗೆ ಜಗಳ ಆಡಿ ಬಂದಾನೆ. ಇವತ್ತು ನನ್ನ ನಾಟಕ ಅವನಿಗೆ. ಉಳಿದೋರು ಪುಗಸಟ್ಟೆ ನೋಡ್ಕೊಳ್ಲಿ.”

ಹಾಗೇ ಆಡಿದರು. ಸಾವಿರ ಜನ ನಗುತ್ತಿದ್ದರೂ ಆ ರುಮಾಲಿನವನು ನಗುವ ತನಕ ಅವರಿಗೆ ಸಮಾಧಾನವಿರಲಿಲ್ಲ.

ಬಣ್ಣ ಕಲಸುವುದು, ಪರದೆಗೆ ಗೋಂದು ಬಳಿಯುವುದು, ದೂರದಿಂದ ನೋಡಿದರೆ ಕಂಬ ದುಂಡಗೆ ಕಾಣುವ ಹಾಗೆ ನೆರಳು ಬರೆಯುವುದು ಎಲ್ಲವನ್ನೂ ಅವರ ಬೈಗುಳ ತಿಂದೇ ಕಲಿತೆ. “ಲೇ ಮಂಜಾ, ಇದು ಅರಮನೆ ಕಂಬನೋ, ಮೂಲಂಗಿನೋ?” ಎನ್ನುತ್ತಿದ್ದರು. ಎಲೆ ಅಡಿಕೆ ಬಾಯಲ್ಲಿದ್ದಾಗ ಕಣ್ಣಲ್ಲೇ ಬೈಯುತ್ತಿದ್ದರು. ಕಂಪನಿ ಮುಚ್ಚಿದ ಮೇಲೆ ನಾನು ಹಳೆಯ ಪರದೆಗಳನ್ನು ಕೊಂಡು ಹರಿಹರದಲ್ಲಿ ಡ್ರಾಮಾ ಸೀನ್ಸ್ ಬಾಡಿಗೆಗೆ ಕೊಡುವ ಅಂಗಡಿ ಹಾಕಿದೆ. ಮಾಸ್ತರು ಅಲ್ಲೇ ತಮ್ಮ ತಂಗಿಯ ಮನೆ ಸೇರಿದರು. ಸೀರೆ ಮಾರಾಟದ ಆಟೋದಲ್ಲಿ ಮೈಕು ಹಿಡಿದು ಊರು ಸುತ್ತುತ್ತಿದ್ದರು. ಸೀರೆ ಕೊಳ್ಳದವರೂ ಮಾತು ಕೇಳಲು ಆಟೋದ ಹಿಂದೆ ನಡೆಯುತ್ತಿದ್ದರು. ಆದರೆ ಬಣ್ಣ ಹಚ್ಚಿ ಎಷ್ಟೋ ವರ್ಷ ಆಗಿತ್ತು. ಅದನ್ನು ಅವರು ಯಾರ ಹತ್ತಿರವೂ ಆಡಿಕೊಂಡವರಲ್ಲ.

ಮೂರು ವರ್ಷದ ಹಿಂದೆ ಸಂತೋಷ್ ಎಂಬ ನಮ್ಮ ಕಡೆಯ ಹುಡುಗನೊಬ್ಬ ನನ್ನ ಅಂಗಡಿಗೆ ಬಂದ. ಸಾಫ್ಟ್‌ವೇರ್ ಕಂಪನಿಯೊಂದರ ಒಳಗಿನ ತಮಾಷೆಗಳನ್ನೇ ಕಥೆ ಮಾಡಿ ಟಿವಿ ಧಾರಾವಾಹಿ ಬರೆದಿದ್ದ. ಮೊದಲ ಕಂತನ್ನು ಇಲ್ಲೇ ತೆಗೆದು ಚಾನೆಲ್‌ನವರಿಗೆ ತೋರಿಸಬೇಕು, ಅವರು ಒಪ್ಪಿದರೆ ವರ್ಷಗಟ್ಟಲೆ ಕೆಲಸ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಖಾಲಿ ಬಿದ್ದಿದ್ದ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿದಿದ್ದ. ಮ್ಯಾನೇಜರ್ ರೂಮು, ಕ್ಯಾಂಟೀನು, ಲಿಫ್ಟಿನ ಬಾಗಿಲು, ಮೂರನ್ನೂ ನಾನು ಪರದೆಯ ಮೇಲೆ ಬರೆದುಕೊಟ್ಟೆ. ಹಗ್ಗ ಎಳೆದರೆ ಒಂದು ಮೇಲೆ ಹೋಗಬೇಕು, ಇನ್ನೊಂದು ಇಳಿಯಬೇಕು, ನಮ್ಮ ಕಂಪನಿ ಪದ್ಧತಿ. ಬೀದಿಗೆ ಕಾಣುವ ಹಾಗೆ ಸಾಫ್ಟ್‌ವೇರ್ ಕಂಪನಿಯ ಬೋರ್ಡನ್ನೂ ಬರೆದು ನಿಲ್ಲಿಸಿದೆ. ಎಚ್.ಆರ್. ಮ್ಯಾನೇಜರ್ ಪಾತ್ರಕ್ಕೆ ವಯಸ್ಸಾದವರು ಬೇಕು ಎಂದಾಗ ಮಾಸ್ತರ ಹೆಸರು ಹೇಳಿದವನೂ ನಾನೇ.

ಅರವತ್ತಮೂರು ದಾಟಿದ ಮನುಷ್ಯ, ಪರೀಕ್ಷೆಗೆ ಕೂತವರ ಹಾಗೆ ತಯಾರಿ ಮಾಡಿದರು. ಎಂ.ಸಿ.ಸಿ. ಬಡಾವಣೆಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸು ಇತ್ತು. ಅದರ ಎದುರಿನ ಚಾ ಅಂಗಡಿಯಲ್ಲಿ ವಾರವಿಡೀ ಕೂತರು.

“ಕಂಡುಹಿಡಿದೀನಿ ಕಣೋ,” ಎಂದರು ಒಂದು ದಿನ. “ಮ್ಯಾನೇಜರ್ ಆದವ ಇಲ್ಲ ಅನ್ನಂಗಿಲ್ಲ. ‘ನೋಡೋಣ, ಮೇಲ್ ಹಾಕಿ’ ಅಂತಾನೆ. ನಮ್ಮ ಕಂಪನಿ ಮಾಲೀಕ ‘ನಾಳೆ ಬಾ’ ಅಂತಿದ್ನಲ್ಲ, ಅವನದೇ ರಾಗ.”

ಆದರೂ ಮೊದಲ ದಿನದ ಶೂಟಿಂಗ್ ಕೆಟ್ಟಿತು. ಮಾಸ್ತರ ದನಿ ಹಿಂದಿನ ಸಾಲಿಗೆ ಮುಟ್ಟುವ ದನಿ. “ನೋಡೋಣ” ಎಂದರೆ ಗಾಜು ನಡುಗುತ್ತಿತ್ತು. ಸಂಜೆ ಸಂತೋಷ್ ಅವರನ್ನು ಪಕ್ಕಕ್ಕೆ ಕರೆದ.

“ಮಾಸ್ತರೇ, ನಾಳೆ ಮಧ್ಯಾಹ್ನದೊಳಗೆ ಒಂದು ಸೀನಾದರೂ ಸರಿ ಬರ್ಬೇಕು. ಇಲ್ಲ ಅಂದ್ರೆ ಬೆಂಗಳೂರಿನಿಂದ ಬೇರೆಯವರನ್ನ ಕರೆಸ್ತೀನಿ. ತಪ್ಪು ತಿಳ್ಕೋಬ್ಯಾಡ್ರಿ.”

ಹರಿಹರದ ಬಸ್ಸಿನಲ್ಲಿ ಅವರು ಎಲೆ ಅಡಿಕೆ ಹಾಕಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ತುಟಿ ಮಾತ್ರ ಅಲುಗಿಸುತ್ತ, ಅದೇ ಸಾಲುಗಳನ್ನು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದರು.

ಮರುದಿನ ಬೆಳಗ್ಗೆ ಎರಡು ಸಲ ತೆಗೆದರು, ಎರಡೂ ಹಾಳಾದವು. ಮೂರನೆಯದಕ್ಕೆ ಮಾಸ್ತರು ಟೈ ಸರಿಮಾಡಿಕೊಂಡು ಮೇಜಿನ ಹಿಂದೆ ಕೂತರು. ಕ್ಯಾಮೆರಾ ಓಡುತ್ತಿತ್ತು. ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಒಬ್ಬ ಯಜಮಾನ ನೇರ ಒಳಗೇ ಬಂದ. ಬಿಳಿ ಅಂಗಿ, ಪಂಚೆ. ಹಿಂದೆ ಫೈಲು ಹಿಡಿದ ಹೆಣ್ಣುಮಗಳು. ಸಂತೋಷ್ ನಿಲ್ಲಿಸಲು ಕೈ ಎತ್ತಿದವನು ಅರ್ಧಕ್ಕೇ ತಡೆದುಕೊಂಡ.

“ನಮಸ್ಕಾರ ರೀ ಸಾಹೇಬ್ರೇ. ಕಡರನಾಯಕನಹಳ್ಳಿಯೋರು ನಾವು. ಬೋರ್ಡ್ ನೋಡಿ ಬಂದ್ವಿ.”

ಸಂತೋಷ್ ಹೊಸ ಕಲಾವಿದರನ್ನು ಕಳಿಸಿ ತಮ್ಮನ್ನು ಪರೀಕ್ಷಿಸುತ್ತಿದ್ದಾನೆ ಎಂದೇ ಮಾಸ್ತರು ತಿಳಿದರಂತೆ. ಆಮೇಲೆ ನನಗೆ ಹೇಳಿದರು.

“ಬರ್ರಿ, ಕೂಡ್ರಿ. ಮಗಳೇನ್ರಿ?”

“ಸೊಸಿ ರೀ, ಶಿಲ್ಪಾ ಅಂತ. ಬಿ.ಸಿ.ಎ. ಮಾಡ್ಯಾಳೆ. ಮನೆಯಾಗೆ ಟಿವಿ ಡಬ್ಬಿ ಕೆಟ್ರೂ ಇವಳೇ, ನನ್ನ ಫೋನ್ ಕೆಟ್ರೂ ಇವಳೇ. ಊರಾಗೆ ಯಾರ ಕಂಪ್ಯೂಟರ್ ನಿಂತ್ರೂ ಇವಳನ್ನೇ ಕರೀತಾರೆ.”

“ಒಳ್ಳೇದು. ನೋಡೋಣ, ಮೇಲ್ ಹಾಕಿ.”

“ಮೇಲ್ ಯಾಕ್ರಿ? ಎದುರಿಗೇ ಕುಂತೀವಲ್ಲ, ಇಲ್ಲೇ ಹೇಳ್ರಿ!”

ಕ್ಯಾಮೆರಾದವನ ಭುಜ ನಗುವಿನಿಂದ ಕುಣಿಯುತ್ತಿತ್ತು. ಲೈಟಿನವರು ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಮಾಸ್ತರ ದನಿ ಮಾತ್ರ ಒಮ್ಮೆಲೇ ಇಳಿದಿತ್ತು. ಎದುರಿಗೆ ಕೂತ ಒಬ್ಬ ಮನುಷ್ಯನಿಗೆ ಎಷ್ಟು ಬೇಕೋ ಅಷ್ಟೇ ದನಿ. ಎರಡು ದಿನದಿಂದ ಸಂತೋಷ್ ಬಾಯಿ ಬಡಿದುಕೊಂಡು ಕೇಳಿದ್ದು ಅದನ್ನೇ. ಅವನ ಮುಖ ಅರಳಿತು. ಪಕ್ಕದಲ್ಲಿ ಹಗ್ಗ ಹಿಡಿದು ನಿಂತಿದ್ದ ನನಗೂ ಉಸಿರು ಬಂದ ಹಾಗಾಯಿತು. ಪಾತ್ರ ಉಳಿಯಿತು ಅಂದುಕೊಂಡೆ.

ಯಜಮಾನ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. “ಸಾಹೇಬ್ರೇ, ನಿಮ್ಮ ಹತ್ರ ಮುಚ್ಚಿಡೋದು ಯಾಕೆ. ಇವಳು ಹೊರಗೆ ಕೆಲಸಕ್ಕೆ ಹೋಗೋದು ನನ್ನ ಹೆಂಡ್ತಿಗೆ ಬ್ಯಾಡ. ಮಗನೂ ತಾಯಿ ಕಡೆನೇ. ಮೂರು ತಿಂಗಳಾತು, ಮನೆಯಾಗೆ ಒಬ್ಬರಿಗೊಬ್ಬರು ಮಾತಿಲ್ಲ. ಇವತ್ತು ದವಾಖಾನಿಗೆ ಅಂತ ಸುಳ್ಳು ಹೇಳಿ ಕರ್ಕೊಂಡು ಬಂದೀನಿ. ಸುಮ್ನೆ ಕೆಲಸ ಕೊಡ್ರಿ ಅನ್ನಂಗಿಲ್ಲ. ಒಂದ್ಸಲ ಪರೀಕ್ಷೆ ಮಾಡಿ ನೋಡ್ರಿ.”

ಫೈಲು ತೆಗೆದುಕೊಳ್ಳಲು ಚಾಚಿದ್ದ ಮಾಸ್ತರ ಕೈ ನಿಂತಿತು. ಅವರ ಕಣ್ಣು ಬಾಗಿಲ ಕಡೆ ಹೋಯಿತು. ಇಬ್ಬರೂ ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಿದ್ದರು. ಪಾತ್ರ ಮಾಡಲು ಬಂದವರು ಯಾರು ಹಾಗೆ ಬಿಡುತ್ತಾರೆ? ಆ ಹೆಣ್ಣುಮಗಳು ಮೇಜಿನ ಮೇಲಿನ ಕಂಪ್ಯೂಟರಿನ ಹಿಂಭಾಗ ನೋಡುತ್ತಿದ್ದಳು. ಅದಕ್ಕೆ ಒಂದು ವೈರೂ ಇರಲಿಲ್ಲ. ಆಮೇಲೆ ನಾನು ಪರದೆಯ ಮೇಲೆ ಬರೆದ ಕಿಟಕಿ ನೋಡಿದಳು. ಆಮೇಲೆ ತಲೆ ತಗ್ಗಿಸಿದಳು. ಮಾವನ ಅಂಗಿಯ ತೋಳನ್ನು ಮೆಲ್ಲಗೆ ಜಗ್ಗಿದಳು. ಅವನಿಗೆ ತಿಳಿಯಲಿಲ್ಲ, ಸೊಸೆಯ ಗುಣಗಾನ ಮುಂದುವರಿಸಿದ.

ಮಾಸ್ತರು ಸಂತೋಷ್ ಕಡೆ ನೋಡಿದರು. ಅವನು ಕ್ಯಾಮೆರಾದ ಪಕ್ಕದಿಂದ ಬೆರಳು ತಿರುಗಿಸಿದ: ಮುಂದುವರಿಸಿ, ಮುಂದುವರಿಸಿ.

ಇನ್ನು ನಾಲ್ಕು ಮಾತು ಆಡಿದರೆ ಮಾಸ್ತರು ಟಿವಿಗೆ ಬಂದ ಹಾಗೇ. ಆದರೆ ಆ ಮನೆಯ ಜಗಳವೂ ಟಿವಿಗೆ ಬಂದ ಹಾಗೇ, ಕಡರನಾಯಕನಹಳ್ಳಿಯ ಮನೆಮನೆಗೆ.

ಮಾಸ್ತರು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದರು.

ಕಂಪನಿಯಲ್ಲಿ ಪರದೆಗೆ ಸಿಳ್ಳೆಯೇ ಅಪ್ಪಣೆ. ಕೇಳಿದ ಕೂಡಲೇ ಬಿಡಬೇಕು, ಯಾಕೆಂದು ಆಮೇಲೆ ಕೇಳಬೇಕು. ನಾನು ಹಗ್ಗ ಬಿಟ್ಟೆ. ಲಿಫ್ಟಿನ ಬಾಗಿಲಿನ ಪರದೆ ಧಡ್ಡನೆ ಇಳಿದು ಕ್ಯಾಮೆರಾಕ್ಕೂ ಆ ಮೂವರಿಗೂ ಅಡ್ಡ ನಿಂತಿತು.

“ಯಾವನೋ ಅದು ಬಿಟ್ಟಿದ್ದು?” ಸಂತೋಷ್ ಕೂಗಿದ.

“ನಾನೇ. ಮಾಸ್ತರು ಬಿಡು ಅಂದ್ರು, ಬಿಟ್ಟೆ.”

ಪರದೆಯ ಆ ಕಡೆ ಮಾಸ್ತರು ಎದ್ದು ನಿಂತಿದ್ದರು. “ಯಜಮಾನ್ರೇ, ನಾನು ಸಾಹೇಬ ಅಲ್ಲ, ನಾಟಕದವ. ಇದು ಆಫೀಸಲ್ಲ. ಇಲ್ಲಿ ಟಿವಿಗೆ ಶೂಟಿಂಗ್ ನಡೆದೈತೆ.”

ಯಜಮಾನ ಕುಗ್ಗಲಿಲ್ಲ, ಸಿಟ್ಟಾದ. “ಹಂಗಾದ್ರೆ ಅಷ್ಟುದ್ದ ಬೋರ್ಡ್ ಯಾಕ್ರಿ ಹಾಕೀರಿ? ಬಸ್ಸಿಳಿದು ಬಿಸಿಲಾಗೆ ಹುಡುಕ್ಕೊಂಡು ಬಂದೀವಿ, ಮಂಗ್ಯಾ ಮಾಡೋಕೆ ನಾವೇ ಸಿಕ್ವಾ?”

“ಮಾವ, ನಡೀರಿ,” ಎಂದಳು ಶಿಲ್ಪಾ.

“ತಡಿಯವ್ವ,” ಎಂದರು ಮಾಸ್ತರು. ಪರದೆ ಸರಿಸಿ ಇಬ್ಬರನ್ನೂ ಕ್ಯಾಮೆರಾದ ಹತ್ತಿರ ಕರೆತಂದರು. “ಸಂತೋಷಾ, ಈಗ ತೆಗೆದಿದ್ದನ್ನ ಇವರೆದುರಿಗೇ ಅಳಿಸು.”

“ಮಾಸ್ತರೇ, ಎರಡು ದಿನಕ್ಕೆ ನಿಮ್ಮದು ಬಂದಿರೋ ಒಳ್ಳೇ ಸೀನು ಇದೊಂದೇ. ಅವರನ್ನ ಒಪ್ಪಿಸೋಣ, ಮುಖ ಮಸುಕು ಮಾಡೋಣ. ಇದನ್ನ ಅಳಿಸಿದ್ರೆ ಚಾನೆಲ್‌ನವರಿಗೆ ಏನು ತೋರಿಸ್ಲಿ? ನಿಮ್ಮ ಪಾತ್ರ ಉಳಿಯಲ್ಲ.”

“ನನ್ನ ಪಾತ್ರ ನಾನು ನೋಡ್ಕೊಂತೀನಿ. ಅಳಿಸು.”

ಸಂತೋಷ್ ಮಾಸ್ತರ ಮುಖವನ್ನೇ ನೋಡಿದ, ಕೊನೆಗೆ ಗುಂಡಿ ಒತ್ತಿದ.

“ನಮಗೆ ಇದು ತಿಳಿಯಲ್ಲ, ನೀನೇ ನೋಡವ್ವ,” ಎಂದರು ಮಾಸ್ತರು.

ಶಿಲ್ಪಾ ಬಗ್ಗಿ ನೋಡಿದಳು. “ಇನ್ನೊಂದು ಮೆಮೊರಿ ಕಾರ್ಡಿನಾಗೂ ಐತ್ರಿ,” ಎಂದಳು. ಸಂತೋಷ್ ಕಿವಿ ಕೆಂಪಾಯಿತು. ಅದನ್ನೂ ಅಳಿಸಿದ.

ಮಾಸ್ತರು ಕೊರಳಿನ ಐಡಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಟೈ ತೆಗೆಯಲು ನೆನಪಾಗಲಿಲ್ಲ. “ಖರೇ ಆಫೀಸು ಎಂ.ಸಿ.ಸಿ. ಬಡಾವಣೆಯಾಗೆ ಐತೆ, ನನಗೆ ಗೊತ್ತು. ಬರ್ರಿ,” ಎಂದು ಅವರನ್ನು ಕರೆದುಕೊಂಡು ಹೊರಟೇಬಿಟ್ಟರು. ಕೆಲಸ ಆಯಿತೋ ಇಲ್ಲವೋ ನನಗೆ ತಿಳಿಯದು. ಫೈಲನ್ನು ಒಳಗೆ ತೆಗೆದುಕೊಂಡರು ಎಂದಷ್ಟೇ ಮಾಸ್ತರು ಹೇಳಿದರು. ನಾನು ಅಷ್ಟರಲ್ಲಿ ಬೋರ್ಡು ಇಳಿಸಿ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದೆ.

ಪಾತ್ರ ಹೋಯಿತು. ಬೆಂಗಳೂರಿನಿಂದ ಬೇರೊಬ್ಬರು ಬಂದರು, ಚಾನೆಲ್‌ನವರು ಒಪ್ಪಿದರು. ನಾನೂ ಪರದೆಗಳನ್ನು ಕಿತ್ತುಕೊಂಡು ಬರುತ್ತೇನೆ ಎಂದಾಗ ಮಾಸ್ತರು ಉರಿದುಬಿದ್ದರು.

“ಬ್ಯಾಡ್ಲೇ. ದುಡಿಯೋದು ಬಿಟ್ಟು ನನ್ನ ಹೆಸರಿನಾಗೆ ಮೆರೀಬ್ಯಾಡ. ನಿನ್ನ ಪರದೆ ಅಲ್ಲೇ ಇರ್ಲಿ. ನಮ್ಮದು ಅಂತ ಅದೊಂದಾದ್ರೂ ಕಾಣ್ಲಿ.”

ಧಾರಾವಾಹಿ ಶುರುವಾದ ಮೇಲೆ ಒಂದು ಕಂತೂ ತಪ್ಪಿಸದೆ ನನ್ನ ಅಂಗಡಿಗೆ ಬಂದು ನೋಡುತ್ತಿದ್ದರು. ಆ ನಟನನ್ನು ಬೈದದ್ದೇ ಬೈದದ್ದು: “ಕೈ ಎಲ್ಲಿ ಇಡ್ಬೇಕು ಅಂತ ಗೊತ್ತಿಲ್ಲ ಆ ಮಗಂಗೆ.” ಹೋದ ವರ್ಷ ಎದೆನೋವು ಹೆಚ್ಚಾಗಿ ಹಾಸಿಗೆ ಹಿಡಿದರು. ನಾನೇ ತಂಗಿಯ ಮನೆಗೆ ಹೋಗಿ ಫೋನಿನಲ್ಲಿ ತೋರಿಸಿದೆ. ಕಂತು ಮುಗಿಯುವ ತನಕ ಮಾತಾಡಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟು, “ಕಲಿತ ನೋಡೋ ಮಂಜಾ. ಇವತ್ತು ಚಲೋ ಮಾಡ್ದ,” ಎಂದರು. ಆ ವಾರವೇ ಹೋದರು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಹರಿಹರದಲ್ಲಿ ಒಂದು ಅಂಗಡಿ, ದಾವಣಗೆರೆಯಲ್ಲಿ ಒಂದು ಶೆಡ್ಡು. ಪರದೆ ಐವತ್ತೆರಡು. ಗೂಡ್ಸ್ ಗಾಡಿ ಒಂದು. ಕೆಲಸದವರು ಐದು ಜನ. ಓದುತ್ತಿರುವ ಮಕ್ಕಳು ಇಬ್ಬರು. ಮಾಸ್ತರು ಇಲ್ಲ.