ಪರಂಗಿ ಹಣ್ಣಿಗೆ ಕಾವಲು, ಮಾತ್ರೆಗೆ ನೀರು

ಗರ್ಭಿಣಿಯನ್ನು ಕಾಪಾಡುವುದು ಇಡೀ ಸಮಾಜದ ಹೊಣೆ. ಯಡಿಯೂರಿನ ನಮ್ಮ ಮನೆಯಲ್ಲಿ ಆ ಸಮಾಜ, ಅಂದರೆ ನಮ್ಮತ್ತೆ, ನನ್ನ ಕೈಯಿಂದ ಪರಂಗಿ ಹಣ್ಣಿನ ತಟ್ಟೆ ಕಿತ್ತುಕೊಂಡು, ತಲೆನೋವಿನ ಮಾತ್ರೆಗೆ ನೀರು ತಂದುಕೊಟ್ಟರು.

"ಡಾಕ್ಟ್ರು ಕೊಟ್ಟಿದ್ದು ತಪ್ಪಿಸಬಾರದಮ್ಮ."

ತಪ್ಪಿಸಿರಲಿಲ್ಲ. ಕಾಲೇಜಿನಿಂದಲೂ ಮೈಗ್ರೇನ್. ಅದು ಬರದಿರಲೆಂದು ಅಪ್ಪನ ಸ್ನೇಹಿತರಾದ ಡಾಕ್ಟರು ಬರೆದುಕೊಟ್ಟ ವಾಲ್ಪ್ರೋಯೇಟ್, ದಿನಾ ಊಟವಾದ ಮೇಲೆ. ಮದುವೆಯಾಯಿತು, ಮನೆ ಬದಲಾಯಿತು, ಮಾತ್ರೆ ಬದಲಾಗಲಿಲ್ಲ.

ಟೆಸ್ಟ್ ಪಾಸಿಟಿವ್ ಬಂದ ಮೇಲೆ ಜಯನಗರದ ಲೇಡಿ ಡಾಕ್ಟರ ಹತ್ತಿರ ಹೋದೆವು. ಬೇರೆ ಮಾತ್ರೆ ಏನಾದರೂ ತಗೋತಿದ್ದೀರಾ ಎಂದರು. ಸ್ಟ್ರಿಪ್ ಕೊಟ್ಟೆ. ಅವರು ಪೆನ್ ಕೆಳಗಿಟ್ಟರು.

"ಇದು ಮಗುವಿನ ಬೆನ್ನುಹುರಿಗೆ ತೊಂದರೆ ಮಾಡಬಹುದು. ಬಸಿರಾಗೋಕೆ ಮುಂಚೆನೇ ಬದಲಾಯಿಸಬೇಕಿತ್ತು. ಯಾರೂ ಹೇಳಲಿಲ್ವಾ? ಇದನ್ನ ಫಿಟ್ಸ್‌ಗೂ ಕೊಡ್ತಾರೆ, ಅದಕ್ಕೆ ತಗೋತಿದ್ದಿದ್ರೆ ಏಕಾಏಕಿ ನಿಲ್ಲಿಸೋ ಹಾಗೂ ಇರ್ತಿರಲಿಲ್ಲ. ನಿಮ್ಮದು ತಲೆನೋವು, ನಿಲ್ಲಿಸೋಣ."

ಬೆನ್ನುಹುರಿ ಮುಚ್ಚಿಕೊಳ್ಳುವುದು ಮೊದಲ ವಾರಗಳಲ್ಲಂತೆ.

ಆ ವಾರಗಳು ಆಗಲೇ ಕಳೆದಿದ್ದವು.

ಅಲ್ಲಿಂದ ಸೀದಾ ತಲೆನೋವಿನ ಡಾಕ್ಟರ ಬಳಿ ಹೋದೆ.

"ಆಗ ನಿನಗೆ ಮದುವೆ ಆಗಿರಲಿಲ್ಲವಲ್ಲಮ್ಮ. ನಿಮ್ಮಪ್ಪನ ಎದುರಿಗೆ ಅದನ್ನೆಲ್ಲ ಹೇಗೆ ಮಾತಾಡೋದು? ಮರ್ಯಾದೆ ಅಂತ ಒಂದಿದೆ."

"ಮದುವೆಗೆ ಬಂದಿದ್ರಲ್ಲ ಅಂಕಲ್."

ಬಂದಿದ್ದರು. ಅಕ್ಷತೆ ಹಾಕಿ, ವರ್ಷದೊಳಗೆ ಸಿಹಿಸುದ್ದಿ ಬರಲಿ ಎಂದು ಹರಸಿದ್ದರು. ಆಮೇಲೆ ಚೆಕಪ್‌ಗೆ ಹೋದಾಗ ಗಂಡನ ಕೆಲಸ, ಅತ್ತೆಯ ಮಂಡಿನೋವು ಎಲ್ಲ ವಿಚಾರಿಸಿ, ಅದೇ ಮಾತ್ರೆ ಬರೆದುಕೊಟ್ಟಿದ್ದರು. ಮಕ್ಕಳ ಯೋಚನೆ ಇದೆಯಾ ಎಂಬ ಒಂದು ಪ್ರಶ್ನೆ ಸಾಕಿತ್ತು. ಅದನ್ನು ಕೇಳದೆ ನನ್ನ ಮರ್ಯಾದೆ ಉಳಿಸಿದರು. ಆ ಮರ್ಯಾದೆಗೆ ನನ್ನ ಮಗುವಿನ ಬೆನ್ನನ್ನು ಒತ್ತೆಯಿಡಲು ಇವರಿಗೆ ಯಾರು ಹೇಳಿದ್ದರು?

ವಿಷಯ ಕೇಳಿ, ಹೊಸ್ತಿಲ ಮೇಲೆ ಕೂರಬಾರದೆಂದು ನನಗೆ ಪಾಠ ಹೇಳಿದ್ದ ಅತ್ತೆ ಹೊಸ್ತಿಲ ಮೇಲೆಯೇ ಕೂತುಬಿಟ್ಟರು.

"ಪರಂಗಿ ಹಣ್ಣಾಗಿದ್ರೆ ನಾನೇ ನೋಡ್ಕೋತಿದ್ದೆ ಕಣೆ."

ಐದನೇ ತಿಂಗಳ ಸ್ಕ್ಯಾನ್‌ವರೆಗೆ ಕಾದೆವು. ತಲೆನೋವು ವಾಪಸ್ ಬಂತು. ಕಿಟಕಿ ಮುಚ್ಚಿ, ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿ, ಡಾಕ್ಟರ್ ಅಂಕಲ್‌ಗೆ ಬೈಯಲು ಮರ್ಯಾದೆಯ ಮಾತುಗಳನ್ನು ಹುಡುಕುತ್ತಿದ್ದೆ. ಒಂದೂ ಸಿಗಲಿಲ್ಲ.

ಸ್ಕ್ಯಾನ್ ಮಾಡುವವರು ಮಗುವಿನ ಬೆನ್ನಿನ ಹತ್ತಿರ ಬಂದು ಮತ್ತೆ ಮತ್ತೆ ಅಳೆದು ನೋಡಿದರು. ನಮ್ಮ ಯಜಮಾನರು ನನ್ನ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ಸ್ಪೈನ್ ನಾರ್ಮಲ್ ಇದೆ."

ಮಗಳು ಈಗ ಬೋರಲು ಬೀಳುತ್ತಾಳೆ. ಆ ಮಾತ್ರೆಯಿಂದ ಮಾತಿಗೆ, ಕಲಿಕೆಗೆ ತೊಂದರೆಯಾಗಿದೆಯೇ ಎಂಬುದು ಅವಳು ಬೆಳೆದ ಮೇಲೆ ಗೊತ್ತಾಗುತ್ತದೆ.