ಅರ್ಜಿಯೊಳಗಿನ ಸೋದರಮಾವ

ಪತ್ರಿಕೆ ಕೈಗೆ ಬಂದೊಡನೆ ನಾನು ಮೊದಲು ಓದುವುದು ‘ಬೇಕಾಗಿದ್ದಾರೆ’ ಎಂಬ ಅಂಕಣವನ್ನು. ಮೇಷ್ಟರಗಿರಿಯಿಂದ ನಿವೃತ್ತನಾಗಿ, ಮನೆಯಲ್ಲಿಯೂ ಗ್ಯಾಸ್ ಸಿಲಿಂಡರ್ ಬಂದಾಗ ಮಾತ್ರ ಬೇಕಾಗುವ ನನ್ನಂಥವನಿಗೆ, ಈ ವಿಶಾಲ ಜಗತ್ತಿನಲ್ಲಿ ಯಾರಿಗೋ ಯಾರೋ ಬೇಕಾಗಿದ್ದಾರೆ ಎಂಬ ವಾರ್ತೆಯೇ ಒಂದು ಸಮಾಧಾನ. ಈ ಸುಖ ನಿಮಗಿನ್ನೂ ಅನುಭವಕ್ಕೆ ಬಂದಿರದಿದ್ದರೆ ನಿವೃತ್ತಿಯವರೆಗೆ ತಾಳಿ.

ಚಿಕ್ಕೋಡಿಯಲ್ಲಿ ನನಗೊಂದು ಕೀರ್ತಿಯಿದೆ: ಮದುವೆಯ ಬಯೋಡಾಟಾ ಬರೆಯುವುದರಲ್ಲಿ ನಾನು ಸಿದ್ಧಹಸ್ತ. ಗಡಿಯ ನಮ್ಮ ಸೀಮೆಯಲ್ಲಿ ಹುಡುಗಿಯ ಓದು, ಎತ್ತರಗಳಿಗಿಂತ ಘನವಾದದ್ದು ಸೋದರಮಾವನ ಊರು ಮತ್ತು ನೆಂಟರ ಅಡ್ಡಹೆಸರುಗಳ ಉದ್ದನೆಯ ಪಟ್ಟಿ. ಅದನ್ನು ಗಾಂಭೀರ್ಯದಿಂದ ಜೋಡಿಸಿ, ತುದಿಗೆ ‘ಸುಶೀಲೆ, ಗೃಹಕೃತ್ಯದಕ್ಷೆ’ ಎಂದು ಮಂಗಳ ಹಾಡಿದೆನೆಂದರೆ ಎಂಥ ಸಿಡುಕಿಯೂ ಸೌಮ್ಯಮೂರ್ತಿಯಾಗುತ್ತಾಳೆ.

ಪಕ್ಕದ ಓಣಿಯ ಸೊಸೆ ಸುವರ್ಣಾ ಒಂದು ಮುಂಜಾನೆ ಜಾಹೀರಾತಿನ ತುಣುಕು ಹಿಡಿದು ಬಂದಳು. ರಾಯಬಾಗದ ಕಡೆಯ ಡೇರಿಯೊಂದಕ್ಕೆ, ಹಳ್ಳಿಗಳ ಹಾಲಿನ ಕೇಂದ್ರಗಳನ್ನು ನೋಡಿಕೊಳ್ಳುವವರು ಬೇಕಾಗಿದ್ದರು.

“ಸರ್, ಇದ ಕಡೀ ಅರ್ಜಿರಿ. ಇದೂ ಆಗಲಿಲ್ಲಂದ್ರ ಸುಮ್ಮ ಮನ್ಯಾಗ ಕುಂಡ್ರು ಅಂದಾರ್ರಿ ಅತ್ತಿ. ನನಗ ಹಂಗ ಕುಂಡ್ರಾಕ ಆಗಂಗಿಲ್ರಿ.”

ಮದುವೆಗೆ ಮುಂಚೆ ತವರಿನ ಡೇರಿಯಲ್ಲಿ ಮೂರು ವರ್ಷ ದುಡಿದವಳು. ಆ ದಿನಗಳ ಮಾತು ಬಂದರೆ ಮುಖ ಅರಳುತ್ತಿತ್ತು. ಈಗಾಗಲೇ ನಾಲ್ಕು ಕಡೆ ಅರ್ಜಿ ಹಾಕಿ ಉತ್ತರವಿಲ್ಲದೆ ಬಾಡಿದ್ದಳು. ನನ್ನ ಕರುಳು ಚುರ್ರೆಂದಿತು. ಆ ಚುರ್ರಿನ ಭರದಲ್ಲಿಯೇ ಎರಡು ಪುಟ ಬರೆದೆ. ಅವಳ ವಿನಯ, ಮನೆತನದ ಪ್ರತಿಷ್ಠೆ, ಯಡೂರಿನಲ್ಲಿರುವ ಸೋದರಮಾವನ ಧರ್ಮಬುದ್ಧಿ, ಯಾವುದನ್ನೂ ಬಿಡಲಿಲ್ಲ.

ಸುವರ್ಣಾ ಎರಡು ಸಲ ಓದಿದಳು. ನಗು ತಡೆದುಕೊಂಡು, “ಭಾಳ ಛಲೋ ಆಗೇತ್ರಿ ಸರ್. ಆದ್ರ ಅವರು ಸ್ಕೂಟರ್ ಬರ್ತೈತೇನು ಅಂತ ಕೇಳ್ಯಾರ್ರಿ. ನಮ್ಮ ಮಾಂವ ಯಾರಂತ ಕೇಳಿಲ್ರಿ,” ಎಂದಳು.

ಮೂವತ್ತು ವರ್ಷ ಮಕ್ಕಳಿಗೆ ‘ಮೊದಲು ಪ್ರಶ್ನೆ ಓದ್ರಿ’ ಎಂದು ಬೆತ್ತ ಆಡಿಸಿದವನು ನಾನು. ಜಾಹೀರಾತನ್ನು ಪೂರ್ತಿ ಓದಿಯೇ ಇರಲಿಲ್ಲ! ತುಣುಕನ್ನು ಮೇಜಿನ ಮೇಲಿಟ್ಟುಕೊಂಡು ಕೇಳಿದ್ದಕ್ಕಷ್ಟೇ ಉತ್ತರ ಬರೆದೆವು: ಸ್ಕೂಟರ್ ಓಡಿಸುತ್ತೇನೆ, ಹಾಲಿನ ಫ್ಯಾಟ್ ಪರೀಕ್ಷೆ ಮೂರು ವರ್ಷ ಮಾಡಿದ್ದೇನೆ, ಕನ್ನಡ, ಮರಾಠಿ ಎರಡೂ ಬರುತ್ತವೆ, ಬೆಳಗಿನ ಐದಕ್ಕೆ ಹೊರಡಲು ಸಿದ್ಧಳಿದ್ದೇನೆ. ಅರ್ಧ ಪುಟವೂ ತುಂಬಲಿಲ್ಲ. ಸೋದರಮಾವನನ್ನು ಕೈಬಿಟ್ಟದ್ದಕ್ಕೆ ನನಗೆ ನಿಜಕ್ಕೂ ಸಂಕಟವಾಯಿತು.

ಹದಿನೈದು ದಿನದಲ್ಲಿ ಪೇಢೆಯ ಡಬ್ಬಿಯೊಂದಿಗೆ ಬಂದಳು. ದಿಗ್ಗೇವಾಡಿಯ ಸುತ್ತಲಿನ ಕೇಂದ್ರಗಳು ಅವಳ ಪಾಲಿಗೆ ಬಂದಿದ್ದವು. ನೇಮಕದ ಪತ್ರ ತೋರಿಸಲು ಫೈಲು ಬಿಚ್ಚಿದಾಗ ಅದರಲ್ಲಿ ನನ್ನ ಆ ಎರಡು ಪುಟಗಳು ಪ್ಲಾಸ್ಟಿಕ್ ಹಾಳೆಯೊಳಗೆ ಭದ್ರವಾಗಿದ್ದವು.

“ಇದನ್ಯಾಕ ಇಟ್ಕೊಂಡೀ ಯವ್ವಾ?”

“ನನ್ನ ಬಗ್ಗೆ ಇಷ್ಟ ಛಲೋ ಯಾರೂ ಬರದಿಲ್ರಿ ಸರ್. ಅತ್ತಿ ಮುಂದ ಓದೇನ್ರಿ. ‘ಇಂಥಾಕಿ ನಮ್ಮ ಮನ್ಯಾಗ ಅದಾಳೇನ?’ ಅಂದ್ರು. ಮರುದಿನ ನಾ ಇಂಟರ್‌ವ್ಯೂಕ್ಕ ಹೊಂಟಾಗ ನಸುಕಿನ್ಯಾಗ ಅವರ ಎದ್ದು ನನಗ ಬುತ್ತಿ ಕಟ್ಟಿಕೊಟ್ಟಾರ್ರಿ.”

ಈಗಲೂ ನಾನು ‘ಬೇಕಾಗಿದ್ದಾರೆ’ ಅಂಕಣವನ್ನೇ ಮೊದಲು ಓದುತ್ತೇನೆ, ಕೈಯಲ್ಲಿ ಪೆನ್ಸಿಲು ಹಿಡಿದು, ಅವರು ಕೇಳಿದ್ದಕ್ಕೆ ಗೆರೆ ಎಳೆಯುತ್ತ. ಅಷ್ಟರಲ್ಲಿ ಮುಂಜಾನೆಯ ಸುತ್ತು ಮುಗಿಸಿದ ಸುವರ್ಣಾ ಬಾಗಿಲಲ್ಲಿ ಎರಡು ಸಲ ಹಾರ್ನ್ ಹೊಡೆದು ಹೋಗುತ್ತಾಳೆ. ಅದು ನನಗೇ. ಇವತ್ತು ಸಿಲಿಂಡರ್ ಬರುವ ದಿನವೂ ಅಲ್ಲ.